ಶಾಸ್ತ್ರದಾನಿ ಅತ್ತಿಮಬ್ಬೆ

ಗ್ರಂಥವನ್ನೇ ಗುರುವೆಂದು ಭಾವಿಸಿ ಪೂಜಿಸುವ ಸಂಪ್ರದಾಯವು ಸಿಖ್ಖರಲ್ಲಿರುವಂತೆ, ಶಾಸ್ತ್ರವನ್ನು ಜಿನವಾಣಿಯೆಂದು ಆರಾಧಿಸುವ ಪದ್ಧತಿಯು ಜೈನರಲ್ಲಿಯೂ ಉಂಟು. ನಮ್ಮ ಮೂಡುಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರು ಬಂದುದು, ಧವಲ, ಜಯಧವಲ, ಮಹಾಧವಲಗಳೆಂಬ ಸಿದ್ಧಾಂತಗ್ರಂಥಗಳ ತಾಳೆಗರಿಯ ಪ್ರತಿಗಳನ್ನು ಅದು ಶತಮಾನಗಳ ಕಾಲ ಕಾಪಾಡಿಕೊಂಡು ಬಂದುದರಿಂದ. ಕಾಪಾಡುವುದು ಪೂಜೆಯಾದರೆ, ಬರೆಯಿಸಿ ಹಂಚುವುದೂ ಪೂಜೆಯೇ. ಇದನ್ನು ಸಾವಿರ ವರ್ಷಗಳ ಹಿಂದೆಯೇ ಬಾಳಿ ತೋರಿದ ಮಹಾಸಾಧ್ವಿ ದಾನಚಿಂತಾಮಣಿ ಅತ್ತಿಮಬ್ಬೆ.

ಅತ್ತಿಮಬ್ಬೆಯು ಮಲ್ಲಪಯ್ಯನೆಂಬ ದಂಡನಾಯಕನ ಮಗಳು. ಆಕೆಯನ್ನೂ ತಂಗಿ ಗುಂಡಮಬ್ಬೆಯನ್ನೂ ಚಾಲುಕ್ಯರಾಜ್ಯದ ಮಂತ್ರಿ ದಲ್ಲಪನ ಮಗನಾದ ನಾಗದೇವನಿಗೆ ಕೊಟ್ಟು ವಿವಾಹ ಮಾಡಿದರು. ಚಾಲುಕ್ಯರ ಸೇನಾನಿಯಾಗಿ ಕೀರ್ತಿಗಳಿಸಿದ ನಾಗದೇವನು ಅಕಾಲದಲ್ಲಿಯೇ ಮಡಿದನು. ಗುಂಡಮಬ್ಬೆ ಪತಿಯೊಡನೆ ಸಹಗಮನ ಮಾಡಿದಳು. ಒಂದೇ ಏಟಿಗೆ ಪತಿಯನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡ ಅತ್ತಿಮಬ್ಬೆಯ ಮುಂದೆ ಉಳಿದವನು ಮಗ ಅಣ್ಣಿಗದೇವ. ಆಕೆ ಬದುಕುವ ಕಠಿನ ಮಾರ್ಗವನ್ನೇ ಹಿಡಿದಳು. ಮಗನನ್ನು ಸಲಹುತ್ತ, ವ್ರತನಿಯಮಗಳಿಂದ ದೇಹವನ್ನು ದಂಡಿಸುತ್ತ, ಸಂಪತ್ತನ್ನೆಲ್ಲ ಧರ್ಮಕ್ಕೆ ಮೀಸಲಿಟ್ಟಳು.

ಆಕೆಯ ತಂದೆಯೂ ಚಿಕ್ಕಪ್ಪ ಪುನ್ನಮಯ್ಯನೂ ಹಿಂದೆ ಕವಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ್ದರು. ಅತ್ತಿಮಬ್ಬೆಯು ಆ ಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ದಾನವಿತ್ತಳು. ಮುದ್ರಣವೇ ಇಲ್ಲದಿದ್ದ ಕಾಲವದು. ಓಲೆಗಳನ್ನು ಹದಗೊಳಿಸಿ, ಲಿಪಿಕಾರರು ಒಂದೊಂದೇ ಅಕ್ಷರವನ್ನು ಕೈಯಿಂದ ಬರೆಯಬೇಕು. ಒಂದು ಪ್ರತಿ ಮುಗಿದರೆ ಮತ್ತೊಂದನ್ನು ಮೊದಲಿನಿಂದಲೇ ಆರಂಭಿಸಬೇಕು. ಇಂತಹ ಸಾವಿರ ಪ್ರತಿಗಳೆಂದರೆ ಎಷ್ಟು ಓಲೆ, ಎಷ್ಟು ಕೈ, ಎಷ್ಟು ದಿನ! ಗೆದ್ದಲು, ಬೆಂಕಿ, ತೇವಗಳಿಗೆ ಒಂದು ಪ್ರತಿ ತುತ್ತಾದರೂ ಮತ್ತೊಂದು ಉಳಿಯುವಂತೆ ಆಕೆಯ ದಾನವು ಗ್ರಂಥಕ್ಕೆ ಆಯುಷ್ಯವನ್ನಿತ್ತಿತು.

ಚಿನ್ನ ಮತ್ತು ರತ್ನಗಳ ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿದ ಕೀರ್ತಿಯೂ ಆಕೆಯದು. ಕವಿ ರನ್ನನು ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿ ಆಕೆಯ ಚರಿತೆಯನ್ನು ಕನ್ನಡಕ್ಕೆ ಉಳಿಸಿದನು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿಯೂ, 1007ರ ಶಾಸನವೂ ಇಂದಿಗೂ ಸಾಕ್ಷಿ ನುಡಿಯುತ್ತಿವೆ.

ಮೂಡುಬಿದಿರೆಯ ಸಿದ್ಧಾಂತಗ್ರಂಥಗಳಾದರೋ ಬಹುಕಾಲ ಭಕ್ತರ ದರ್ಶನಕ್ಕೆ ಮಾತ್ರ ಲಭ್ಯವಾಗಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅವುಗಳ ಪ್ರತಿಮಾಡುವ ಕಾರ್ಯ ಆರಂಭವಾಗಿ, 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟವು ಅಚ್ಚಾಯಿತು. ಪೂಜೆಯ ಪೀಠದಿಂದ ಓದುಗನ ಕೈಗೆ ಬಂದುದರಿಂದ ಗ್ರಂಥದ ಗೌರವವೇನೂ ಕುಂದಲಿಲ್ಲ. ಪ್ರತಿವರ್ಷವೂ ಜ್ಯೇಷ್ಠ ಶುದ್ಧ ಪಂಚಮಿಯಂದು, ಶ್ರುತಪಂಚಮಿಯ ಪರ್ವದಲ್ಲಿ, ಜೈನರು ಶಾಸ್ತ್ರಪೂಜೆಯನ್ನು ಮಾಡುತ್ತಾರೆ. ಆ ದಿನ ಆ ತಾಯಿಯನ್ನೂ ನೆನೆಯುವುದು ಉಚಿತ. ನಮ್ಮ ವಿದ್ಯಾರ್ಥಿಗಳಾದರೂ ಪುಸ್ತಕಕ್ಕೆ ಕಾಲು ತಗಲಿದಾಗ ಕಣ್ಣಿಗೊತ್ತಿಕೊಳ್ಳುವಷ್ಟಕ್ಕೆ ತೃಪ್ತರಾಗದೆ, ಅದನ್ನು ತೆರೆದು ಓದಿ, ಓದಿದುದನ್ನು ಇನ್ನೊಬ್ಬರಿಗೆ ದಾಟಿಸಲಿ.