ಸ್ವಾತಿ ನಕ್ಷತ್ರದ ದೋಣಿ ಮತ್ತು ಎಡ್ಡಿ ಐಕಾವ್

ಇಟ್ಟಮಡುವಿನ ನಮಗೆ ಸಮುದ್ರ ಅಂದ್ರೆ ರಾತ್ರಿ ಬಸ್ಸು. ಮಂಗಳೂರಿಗೆ ಹೋದ್ರೂ ಚೆನ್ನೈಗೆ ಹೋದ್ರೂ 300 ಕಿಲೋಮೀಟರ್ ಮೇಲೆ. ಏರಿಯಾದ ಹೆಸರಲ್ಲಿ ಮಡು ಇದೆ, ಆದರೆ ಈಗ ಆಳದ ನೀರು ಕಾಣೋದು ಜೋರು ಮಳೆ ಬಂದಾಗ ರಸ್ತೆ ಮೇಲೆ ಮಾತ್ರ. ಅಂಥ ನಾವು ಹವಾಯಿಯ ಒಬ್ಬ ಲೈಫ್‌ಗಾರ್ಡ್ ಬಗ್ಗೆ ಯಾಕೆ ಬರೀತಿದ್ದೀವಿ ಅಂತ ನೀವು ಕೇಳಬಹುದು. ಪರೀಕ್ಷೆ ಮುಗಿದ ತಕ್ಷಣ ನಮ್ಮೆಲ್ಲರ ಬೈಕುಗಳು ತಿರುಗೋದು ಕನಕಪುರ ರಸ್ತೆಗೆ, ಸಂಗಮ, ಮೇಕೆದಾಟು ಕಡೆಗೆ. ಅಲ್ಲಿ ಕಾಲೇಜು ಹುಡುಗರು ನೀರುಪಾಲಾದ ಸುದ್ದಿಯನ್ನೂ ನಾವೇ ಆಗಾಗ ಓದ್ತೀವಿ. ಅದಕ್ಕೇ ಈ ಕಥೆ.

ಎಡ್ಡಿ ಐಕಾವ್ ಹುಟ್ಟಿದ್ದು 1946ರ ಮೇ 4ರಂದು, ಮಾವಿ ದ್ವೀಪದಲ್ಲಿ. ಆರು ಮಕ್ಕಳ ಮನೆ. 1959ರಲ್ಲಿ ಕುಟುಂಬ ಓಆಹು ದ್ವೀಪಕ್ಕೆ ಬಂತು. ಅಲ್ಲಿ ಅವರು ವಾಸ ಇದ್ದದ್ದು ಒಂದು ಚೀನೀ ಸ್ಮಶಾನದೊಳಗೆ! ಸಮಾಧಿಗಳನ್ನು ಶುಚಿಯಾಗಿ ಇಡುವ ಕೆಲಸ ಮನೆಮಂದಿಯದ್ದು. ಎಡ್ಡಿ ಹದಿನಾರಕ್ಕೆ ಶಾಲೆ ಬಿಟ್ಟು ಅನಾನಸ್ ಡಬ್ಬಿಗೆ ತುಂಬುವ ಕಾರ್ಖಾನೆ ಸೇರಿದರು. ಆ ಸಂಬಳದಲ್ಲೇ ಸರ್ಫ್‌ಬೋರ್ಡ್ ಕೊಂಡರು.

ಓಆಹುವಿನ ಉತ್ತರ ದಂಡೆಯಲ್ಲಿ ವಾಯ್ಮೇಆ ಅಂತ ಒಂದು ಕೊಲ್ಲಿ. ಚಳಿಗಾಲದಲ್ಲಿ ಅಲ್ಲಿ ಮೂರು ಮಹಡಿ ಎತ್ತರದ ಅಲೆಗಳು ಏಳುತ್ತವೆ. 1967ರಲ್ಲಿ ಆ ಅಲೆಗಳ ಮೇಲೆ ಸರ್ಫ್ ಮಾಡಿ ಎಡ್ಡಿ ಹೆಸರು ಮಾಡಿದರು. ಮರುವರ್ಷ ಹೊನೊಲುಲು ನಗರಾಡಳಿತ ಅವರನ್ನು ಉತ್ತರ ದಂಡೆಯ ಮೊದಲ ಲೈಫ್‌ಗಾರ್ಡ್ ಆಗಿ ನೇಮಿಸಿತು. ಆಗ ಜೆಟ್‌ಸ್ಕೀ ಗೀಟ್‌ಸ್ಕೀ ಏನೂ ಇಲ್ಲ. ಬೋರ್ಡು, ಕಾಲಿಗೆ ಫಿನ್, ಮತ್ತೆ ತೋಳ ಬಲ. 500ಕ್ಕೂ ಹೆಚ್ಚು ಜನರನ್ನು ನೀರಿನಿಂದ ಎಳೆದು ತಂದರು ಅಂತ ಹೇಳ್ತಾರೆ. ಅವರ ಕಾವಲಿನಲ್ಲಿ ವಾಯ್ಮೇಆದಲ್ಲಿ ಒಬ್ಬರೂ ಸಾಯಲಿಲ್ಲ. 1977ರಲ್ಲಿ ಡ್ಯೂಕ್ ಕಹನಮೊಕು ಹೆಸರಿನ ದೊಡ್ಡ ಸ್ಪರ್ಧೆಯನ್ನೂ ಗೆದ್ದರು. ಆದರೆ ನಮಗೆ ಈ ಟ್ರೋಫಿಗಿಂತ ಆ ಸೊನ್ನೆ ದೊಡ್ಡದು ಅನ್ಸುತ್ತೆ.

ಈಗ ದೋಣಿಯ ವಿಷಯ. ಹವಾಯಿ ಜನರ ಪೂರ್ವಜರು ದಿಕ್ಸೂಚಿ ಇಲ್ಲದೆ, ನಕ್ಷತ್ರ, ಅಲೆ, ಹಕ್ಕಿಗಳನ್ನು ನೋಡಿಕೊಂಡೇ ಸಾವಿರಾರು ಮೈಲಿ ದಾಟಿ ಬಂದವರು. ಇಲ್ಲ, ಅವರು ಗಾಳಿಗೆ ಸಿಕ್ಕಿ ತೇಲಿ ಬಂದವರು ಅಷ್ಟೇ ಅಂತ ಕೆಲವು ಪಂಡಿತರು ವಾದಿಸ್ತಿದ್ದರು. ಇತ್ತ 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಮಾಧ್ಯಮ ಮಾಡಿತ್ತು, ಅಜ್ಜಿಯ ಭಾಷೆ ಮೊಮ್ಮಕ್ಕಳಿಗೆ ಬರ್ತಿರಲಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಕನ್ನಡ ಸಂಘಕ್ಕೆ ಬಂದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪಂಡಿತರ ವಾದ ಪರೀಕ್ಷಿಸಲು 1975ರಲ್ಲಿ ಹಳೇ ಮಾದರಿಯ ಜೋಡಿ ದೋಣಿಯೊಂದನ್ನು ನೀರಿಗೆ ಇಳಿಸಿದರು. 62 ಅಡಿ ಉದ್ದ. ಹೆಸರು ಹೋಕೂಲೆಆ, ಅಂದ್ರೆ ಸಂತೋಷದ ನಕ್ಷತ್ರ.

ಆ ನಕ್ಷತ್ರ ಯಾವುದು ಗೊತ್ತಾ? ನಮ್ಮ ಸ್ವಾತಿ! ಅದರ ಕೋನ ಆಕಾಶದ ನಡುಗೆರೆಯಿಂದ ಸುಮಾರು 19 ಡಿಗ್ರಿ ಉತ್ತರಕ್ಕೆ. ಹವಾಯಿಯ ದೊಡ್ಡ ದ್ವೀಪದ ಅಕ್ಷಾಂಶವೂ ಹತ್ತಿರ ಹತ್ತಿರ ಅಷ್ಟೇ. ಹಾಗಾಗಿ ದಕ್ಷಿಣದಿಂದ ಮನೆಗೆ ಮರಳುವಾಗ ಸ್ವಾತಿ ಸರಿಯಾಗಿ ನೆತ್ತಿ ಮೇಲೆ ದಾಟಿದರೆ ನಮ್ಮೂರಿನ ಗೆರೆ ಬಂತು ಅಂತ ಅರ್ಥ. ಬೆಂಗಳೂರು 13 ಡಿಗ್ರಿಯಲ್ಲಿದೆ, ಅದಕ್ಕೇ ಇಲ್ಲಿ ಸ್ವಾತಿ ನೆತ್ತಿಗಿಂತ ಸುಮಾರು ಆರು ಡಿಗ್ರಿ ಉತ್ತರಕ್ಕೆ ದಾಟುತ್ತೆ. ಮೇ ತಿಂಗಳ ರಾತ್ರಿ ಟೆರೇಸ್ ಹತ್ತಿ ನೋಡಿ.

1976ರಲ್ಲಿ ಮೈಕ್ರೊನೇಷ್ಯಾದ ಸತವಾಲ್ ದ್ವೀಪದ ಮಾವ್ ಪಿಯಾಯ್ಲುಗ್ ಎಂಬ ನಾವಿಕರು ಯಾವ ಉಪಕರಣವೂ ಇಲ್ಲದೆ ಹೋಕೂಲೆಆವನ್ನು ತಾಹಿತಿಗೆ ಮುಟ್ಟಿಸಿದರು. 1978ರ ಎರಡನೇ ಯಾತ್ರೆಯ ತಂಡದಲ್ಲಿ ಎಡ್ಡಿ ಇದ್ದರು. ದೋಣಿಯ ಮೇಲೆ ಅವರೇ ಒಂದು ಹಾಡು ಕೂಡ ಕಟ್ಟಿದ್ದರು.

ಮಾರ್ಚ್ 16ರ ಸಂಜೆ ಹವಾಮಾನ ಕೆಟ್ಟಿತ್ತು. ಬೀಳ್ಕೊಡಲು ಜನ ಸೇರಿದ್ದರು. ದೋಣಿಯಲ್ಲಿ ಒಂದು ತಿಂಗಳ ಸಾಮಾನು ತುಂಬಿತ್ತು. ಜೊತೆಗೆ ಬೆಂಗಾವಲು ಹಡಗು ಇರಲಿಲ್ಲ. ಆದರೂ ಹೊರಟರು. ಮೊಲೊಕಾಯಿ ಕಾಲುವೆಯಲ್ಲಿ ಒಂದು ಬದಿಗೆ ನೀರು ತುಂಬಿ, ನಡುರಾತ್ರಿ ಹೊತ್ತಿಗೆ ದೋಣಿ ಮಗುಚಿತು. ಬೆಳಗಿನವರೆಗೆ ಎಲ್ಲರೂ ಅದರ ಬೆನ್ನು ಹಿಡಿದು ತೇಲಿದರು. ವಿಮಾನಗಳು ಹಾದುಹೋದವು, ಯಾರಿಗೂ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಎಡ್ಡಿ ತಮ್ಮ ಸರ್ಫ್‌ಬೋರ್ಡ್ ಏರಿ, ಹನ್ನೆರಡು ಮೈಲಿಗೂ ದೂರದ ಲಾನಾಯಿ ದ್ವೀಪಕ್ಕೆ ಸಹಾಯ ತರಲು ಹೊರಟರು. ಸ್ವಲ್ಪ ದೂರ ಹೋದ ಮೇಲೆ, ಕೈಬೀಸಲು ಅಡ್ಡ ಬರ್ತಿದ್ದ ಲೈಫ್ ಜಾಕೆಟ್ ಬಿಚ್ಚಿದರಂತೆ. ಅಂದೇ ರಾತ್ರಿ ವಿಮಾನವೊಂದರ ಪೈಲಟ್ ಕಣ್ಣಿಗೆ ದೋಣಿಯಿಂದ ಹಾರಿಸಿದ ಬೆಳಕು ಬಿತ್ತು. ಉಳಿದವರೆಲ್ಲ ಬದುಕಿದರು. ಎಡ್ಡಿ ಸಿಗಲೇ ಇಲ್ಲ. ಅವರಿಗೆ ಆಗ 31 ವರ್ಷ.

ಎಡ್ಡಿ ಆಗಿದ್ರೆ ಹೋಗೇ ಹೋಗ್ತಿದ್ದ ಅನ್ನೋ ಅರ್ಥದ ಸ್ಟಿಕ್ಕರು ಈಗ ಲೋಕವೆಲ್ಲ ಓಡಾಡುತ್ತೆ. ಟೀ ಶರ್ಟಿಗೆ ಚೆನ್ನಾಗಿದೆ. ಆದರೆ ಅದನ್ನು ಹಾಕ್ಕೊಂಡು ಮೇಕೆದಾಟು ಬಂಡೆ ಮೇಲಿಂದ ಜಿಗಿಯೋಕೆ ಹೊರಟವರು ಅರ್ಧ ಕಥೆ ಓದಿದ್ದಾರೆ ಅಂತ ನಮ್ಮ ಅನಿಸಿಕೆ. ಎಡ್ಡಿ ಹೋದದ್ದು ದಾರಿ ಬೇರೆ ಇಲ್ಲದಾಗ. ಅವರ ಜೊತೆಗಾರರನ್ನು ಕಾಡಿದ್ದು ಬೇರೆ ಪ್ರಶ್ನೆ: ಆ ಸಂಜೆ ನಾವು ಹೊರಟದ್ದೇ ಯಾಕೆ?

ಅದೇ ದೋಣಿಯಲ್ಲಿದ್ದ ಯುವಕ ನೈನೋವಾ ಥಾಂಪ್ಸನ್ ಉತ್ತರ ಹುಡುಕಲು ಎರಡು ವರ್ಷ ತಗೊಂಡರು. ಪ್ಲಾನೆಟೋರಿಯಂನಲ್ಲಿ ಕೂತು ನಕ್ಷತ್ರ ಕಲಿತರು. ಮಾವ್ ಅವರನ್ನು ಕೇಳಿಕೊಂಡು ಮತ್ತೆ ಕರೆಸಿ, ಅವರ ಕೈಕೆಳಗೆ ಸಮುದ್ರ ಕಲಿತರು. 1980ರಲ್ಲಿ ಹೋಕೂಲೆಆ ತಾಹಿತಿಗೆ ಹೋಗಿ ಬಂತು, ಈ ಸಲ ಹಿಂದೆ ಬೆಂಗಾವಲು ಹಡಗು ಇತ್ತು. 2014ರಿಂದ 2017ರವರೆಗೆ ಭೂಮಿಯನ್ನೇ ಸುತ್ತಿತು. ಇವತ್ತು ಈ ದೋಣಿ ಹತ್ತಲು ಬರುವ ವಿದ್ಯಾರ್ಥಿಗಳು ನಕ್ಷತ್ರದ ಹೆಸರು, ಹವಾಯಿ ಮಂತ್ರಗಳ ಜೊತೆಗೆ ಒಬ್ಬರು ನೀರಿಗೆ ಬಿದ್ದರೆ ಏನು ಮಾಡಬೇಕು ಅನ್ನೋ ಅಭ್ಯಾಸವನ್ನೂ ಮಾಡ್ತಾರೆ.

ಎಡ್ಡಿ ಹೆಸರಿನ ಸರ್ಫಿಂಗ್ ಸ್ಪರ್ಧೆ ಪ್ರತಿವರ್ಷ ನಡೆಯಲ್ಲ, ವಾಯ್ಮೇಆದಲ್ಲಿ ಸಾಕಷ್ಟು ದೊಡ್ಡ ಅಲೆ ಬಂದರೆ ಮಾತ್ರ. 2023ರ ಜನವರಿಯಲ್ಲಿ ಅದನ್ನು ಗೆದ್ದವರು ಲ್ಯೂಕ್ ಶೆಪರ್ಡ್‌ಸನ್, ಅದೇ ದಂಡೆಯ ಲೈಫ್‌ಗಾರ್ಡ್. ಆ ದಿನ ಅವರಿಗೆ ಡ್ಯೂಟಿ ಇತ್ತು. ಮೇಲಿನವರ ಅನುಮತಿ ಕೇಳಿ, ಬಿಡುವಿನಲ್ಲಿ ಬಂದು ಸ್ಪರ್ಧಿಸಿ, ಮತ್ತೆ ಕಾವಲಿಗೆ ಹೋಗಿ ನಿಂತರು.