ಕಂಕನಾಡಿಯ ಫಾದರ್ ಮುಲ್ಲರ್

ಬಿಸಿಲು ಏರುತ್ತಲೇ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮನೆಗಳಲ್ಲಿ ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರು ಬಚ್ಚಲಿಗೆ ಬರುತ್ತದೆ. ಮಕ್ಕಳ ಬೆವರುಗುಳ್ಳೆಗೆ ನಮ್ಮ ಹಿರಿಯರು ಕಂಡುಕೊಂಡ ಮದ್ದು ಅದು. ನೊಂದ ಚರ್ಮಕ್ಕೆ ಉರಿಯುವ ಔಷಧಿ ಸಲ್ಲದು ಎಂಬ ಈ ತಿಳಿವಳಿಕೆಯನ್ನೇ ತಮ್ಮ ಸೇವೆಯ ದಾರಿಯಾಗಿ ಮಾಡಿಕೊಂಡ ಗುರುವೊಬ್ಬರು ನಮ್ಮ ನಾಡಿನಲ್ಲಿಯೇ ಬಾಳಿ ಹೋದರು. ಅವರೇ ಮಂಗಳೂರಿನ ಫಾದರ್ ಅಗಸ್ಟಸ್ ಮುಲ್ಲರ್.

ಜರ್ಮನಿಯ ಮ್ಯೂನ್‌ಸ್ಟರ್ ನಗರದಲ್ಲಿ 1841ರಲ್ಲಿ ಜನಿಸಿದ ಅವರು ಯೇಸುಸಭೆಯನ್ನು ಸೇರಿದರು. ಜಗದ್ಗುರು ಹದಿಮೂರನೆಯ ಲಿಯೋ ಅವರು ಮಂಗಳೂರು ಪ್ರಾಂತ್ಯವನ್ನು ಯೇಸುಸಭೆಗೆ ಒಪ್ಪಿಸಿದ 1878ರ ಕೊನೆಯ ದಿನ, ಇಟಲಿಯ ಗುರುಗಳ ಮೊದಲ ತಂಡದೊಡನೆ ಅಲ್ಲಿಗೆ ಬಂದಿಳಿದರು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುವುದು ಅವರ ಕೆಲಸ. ಆದರೆ ಅವರ ಬಳಿ ಹೋಮಿಯೋಪತಿಯ ತಿಳಿವಳಿಕೆಯೂ ಇತ್ತು. ಬಡ ರೋಗಿಗಳು ಬರತೊಡಗಿದರು. ಅದೇ ವರ್ಷ ಬಡವರ ಔಷಧಾಲಯವೊಂದು ಹುಟ್ಟಿಕೊಂಡಿತು. ಕಂಕನಾಡಿಯ ಆಲದ ಮರದ ಕೆಳಗೆ ಕುಳಿತು ಮದ್ದು ಕೊಡುತ್ತಿದ್ದರೆಂಬುದು ಮಂಗಳೂರಿನವರ ನೆನಪಿನಲ್ಲಿ ಉಳಿದುಬಂದ ಚಿತ್ರ.

ಚರ್ಮರೋಗಕ್ಕೆ ಪಾದರಸದ ಮುಲಾಮು ಹಚ್ಚುತ್ತಿದ್ದ ಕಾಲವದು. ಹೋಮಿಯೋಪತಿ ಔಷಧಿಗಳಲ್ಲಿ ಅನೇಕವು ಗಿಡಮೂಲಿಕೆಗಳಿಂದ ಬಂದವು, ಅತ್ಯಲ್ಪ ಪ್ರಮಾಣದವು. ಅವುಗಳ ಗುಣವನ್ನು ಇಂದಿನ ವಿಜ್ಞಾನವು ಒಪ್ಪಿಲ್ಲವೆಂಬುದನ್ನು ನಾವು ಮರೆಮಾಚಬೇಕಿಲ್ಲ. ಆದರೂ ಅವು ರೋಗಿಯನ್ನು ಇನ್ನಷ್ಟು ನೋಯಿಸುತ್ತಿರಲಿಲ್ಲ.

ಇದರ ಬೆಲೆ ತಿಳಿದದ್ದು ಕುಷ್ಠರೋಗಿಗಳ ನಡುವೆ. ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲಿಯೇ ಗುರುತಿಸಿದ್ದರೂ ಗುಣಪಡಿಸುವ ಔಷಧಿ ಜಗತ್ತಿನಲ್ಲೆಲ್ಲೂ ಇರಲಿಲ್ಲ. ಮನೆಯಿಂದ ಹೊರಹಾಕಲ್ಪಟ್ಟವರಿಗಾಗಿ ಫಾದರ್ ಮುಲ್ಲರ್ ಅವರು 1890ರಲ್ಲಿ ಕಂಕನಾಡಿಯಲ್ಲಿ ಆಶ್ರಯಧಾಮವನ್ನು ತೆರೆದರು. ಕೊಡಲು ಅವರ ಬಳಿ ಪವಾಡವೇನೂ ಇರಲಿಲ್ಲ. ತಂಗಲು ಸೂರು, ಊಟ, ಗಾಯಕ್ಕೆ ಆರೈಕೆ ಇವಿಷ್ಟನ್ನು ಕೊಟ್ಟರು. ಅವರ ನಿಜವಾದ ವೈದ್ಯವೆಂದರೆ ಇದೇ ಎಂದು ನಮಗನಿಸುತ್ತದೆ. ಪ್ಲೇಗಿನ ದಿನಗಳಲ್ಲಿ, 1902ರಲ್ಲಿ, ಆ ರೋಗಿಗಳಿಗೂ ಆಸ್ಪತ್ರೆ ತೆರೆದರು. ಸರ್ಕಾರವು 1907ರಲ್ಲಿ ಕೈಸರ್-ಇ-ಹಿಂದ್ ಪದಕವನ್ನಿತ್ತು ಗೌರವಿಸಿತು. 1910ರ ನವೆಂಬರ್ 1, ಸಕಲ ಸಂತರ ಹಬ್ಬದಂದು ಅವರು ದೈವಾಧೀನರಾದರು. ಅವರ ಹೆಸರಿನ ಸಂಸ್ಥೆ ಮಂಗಳೂರು ಧರ್ಮಕ್ಷೇತ್ರದ ಆಶ್ರಯದಲ್ಲಿ ಬೆಳೆದು, 1985ರಲ್ಲಿ ಹೋಮಿಯೋಪತಿ ಕಾಲೇಜನ್ನೂ 1999ರಲ್ಲಿ ವೈದ್ಯಕೀಯ ಕಾಲೇಜನ್ನೂ ಕಂಡಿತು.

ಆ ಕಾಲದ ಹೋಮಿಯೋಪತಿ ವೈದ್ಯರು ಗಾಯಕ್ಕೆ ಹೊರಗಿನಿಂದ ಬಳಸುತ್ತಿದ್ದುದು ಕೆಲೆಂಡುಲಾ ಹೂವಿನ ಸಾರವನ್ನು, ನೀರಿಗೆ ಬೆರೆಸಿ. ದೀಪಾವಳಿಗೆ ನಮ್ಮ ಹೊಲಗಳಿಂದ ಬರುವ ಚೆಂಡು ಹೂವು ಅದಲ್ಲ, ಬೇರೆಯೇ ಗಿಡ. ಅದರ ರಸ ಕೆಲವರಿಗೆ ತುರಿಕೆ ತರುವುದುಂಟು. ನಮ್ಮ ಹಿತ್ತಿಲಿನ ಲೋಳೆಸರವೇ ಸಾಕು. ಎಲೆಯನ್ನು ಕೊಯ್ದು ನಿಲ್ಲಿಸಿ, ಹಳದಿ ಹಾಲು ಸೋರಿಹೋದ ಮೇಲೆ ಒಳಗಿನ ತಿಳಿ ಲೋಳೆಯನ್ನಷ್ಟೇ ಹಚ್ಚಬೇಕು. ಆ ಹಾಲೇ ಉರಿ ಎಬ್ಬಿಸುವುದು. ಎಳೆಯ ಮಕ್ಕಳಿಗೂ ನವಿರು ಚರ್ಮದವರಿಗೂ ಯಾವ ಸೊಪ್ಪನ್ನೇ ಆಗಲಿ ಮೊದಲು ಮುಂಗೈಯ ಒಳಬದಿಗೆ ಚೂರು ಹಚ್ಚಿ ಒಂದು ದಿನ ನೋಡುವುದು ಒಳಿತು. ಬಿರಿದ ಗಾಯ, ಕೀವು ಇದ್ದರೆ ಮನೆಮದ್ದು ಬೇಡ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೈಮೇಲೆ ತಿಳಿಬಣ್ಣದ ಅಥವಾ ಕೆಂಬಣ್ಣದ ಮಚ್ಚೆ ಮೂಡಿ, ಮುಟ್ಟಿದರೆ ಅಲ್ಲಿ ಸ್ಪರ್ಶ ತಿಳಿಯದಿದ್ದರೆ, ಬೇವು ಅರಿಸಿನವೆಂದು ತಿಂಗಳುಗಟ್ಟಲೆ ಕಳೆಯಬಾರದು. ಫಾದರ್ ಮುಲ್ಲರ್ ಅವರ ಕೈಗೆ ಎಟುಕದಿದ್ದ ಔಷಧಿ ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಆರು ತಿಂಗಳಿಂದ ಒಂದು ವರ್ಷ ತಪ್ಪದೆ ತೆಗೆದುಕೊಂಡರೆ ಕುಷ್ಠರೋಗ ಗುಣವಾಗುತ್ತದೆ. ತಡಮಾಡಿದರೆ ಬೆರಳು, ಕಣ್ಣುಗಳಿಗಾದ ಹಾನಿ ಮರಳಿ ಸರಿಹೋಗುವುದು ಕಷ್ಟ. ಅಂಥ ಮಚ್ಚೆಯನ್ನು ನಾಚಿಕೆಯಿಂದ ಮುಚ್ಚಿಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ.