ಚುಕ್ಕಾಣಿ ಹಿಡಿದ ಗುರು

ಸೆಸಿಲ್ ಅರ್ಲ್ ಟಿಂಡಲ್ ಬಿಸ್ಕೋ ಅವರು ೧೮೬೩ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಸೀಮೆಯಲ್ಲಿ ಜನಿಸಿದರು. ಅವರದು ಕುಳ್ಳಾದ ಹಗುರ ದೇಹ. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಆ ಕುಳ್ಳತನವೇ ಅವರಿಗೆ ವರವಾಯಿತು. ದೋಣಿಯ ಪಂದ್ಯದಲ್ಲಿ ಎಂಟು ಮಂದಿ ಹುಟ್ಟು ಹಾಕುವರು. ಚುಕ್ಕಾಣಿ ಹಿಡಿದು ಅವರನ್ನು ನಡೆಸುವವನ ಮೈ ಹಗುರವಾಗಿರಬೇಕು. ೧೮೮೪ರಲ್ಲಿ ಆಕ್ಸ್‌ಫರ್ಡ್ ತಂಡವನ್ನು ಸೋಲಿಸಿದ ಕೇಂಬ್ರಿಜ್ ದೋಣಿಯ ಚುಕ್ಕಾಣಿ ಅವರ ಕೈಯಲ್ಲಿತ್ತು. ಮುಂದೆ ಅವರು ಪಾದ್ರಿಯಾಗಿ, ೧೮೯೦ರಲ್ಲಿ ಕಾಶ್ಮೀರದ ಶ್ರೀನಗರದ ಮಿಷನ್ ಶಾಲೆಗೆ ಬಂದರು. ಅದರ ಆಡಳಿತವೂ ಬೇಗನೆ ಅವರ ಪಾಲಿಗೆ ಬಂದಿತು.

ಅಲ್ಲಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಪಂಡಿತ ಮನೆತನಗಳವರು. ಅವರ ಬುದ್ಧಿಗೆ ಕೊರತೆಯಿರಲಿಲ್ಲ. ಆದರೆ ಓಡುವುದು, ಆಡುವುದು ಕುಲೀನರಿಗೆ ತಕ್ಕುದಲ್ಲವೆಂಬುದು ಅಂದಿನ ಭಾವನೆ. ಹುಟ್ಟು ಹಾಕುವುದಂತೂ ಹಾಂಜಿಗಳೆಂಬ ಅಂಬಿಗರ ಕಸುಬು. ಅದನ್ನು ಕೈಯಲ್ಲಿ ಹಿಡಿಯುವುದೇ ಅವಮಾನ.

೧೮೯೧ರಲ್ಲಿ ಬಿಸ್ಕೋ ಅವರು ಮುಂಬಯಿಯಿಂದ ಒಂದು ಕಾಲ್ಚೆಂಡನ್ನು ತಂದರು. ಅದು ತೊಗಲಿನದೆಂದು ತಿಳಿದೊಡನೆ ಹುಡುಗರು ಹಿಂದೆ ಸರಿದರು, ಮುಟ್ಟಿದರೆ ಮೈಲಿಗೆ. ಬಿಸ್ಕೋ ಬಿಡಲಿಲ್ಲ. ಎಲ್ಲರನ್ನೂ ಬಯಲಿಗೆ ಕರೆದೊಯ್ದು, ಕೋಲು ಹಿಡಿದ ಉಪಾಧ್ಯಾಯರನ್ನು ಕಾವಲಿಟ್ಟು ಆಟವನ್ನು ಆರಂಭಿಸಿಯೇಬಿಟ್ಟರು. ನೀಳವಾದ ನಿಲುವಂಗಿ ತೊಟ್ಟ ಹುಡುಗರು ಎಡವುತ್ತ ಮುಗ್ಗರಿಸುತ್ತ ಆಡುತ್ತಿರುವಾಗ ಚೆಂಡು ಒಬ್ಬನ ಮುಖಕ್ಕೆ ಬಡಿಯಿತು. ಆಟ ನಿಂತಿತು. ತಾನು ಮೈಲಿಗೆಯಾದೆನೆಂದು ಆ ಹುಡುಗ ಅತ್ತುಬಿಟ್ಟ. ಅವನನ್ನು ಹತ್ತಿರದ ಕಾಲುವೆಗೆ ಕಳುಹಿಸಿ ಮುಖ ತೊಳೆಸಿದರು. ಆಟ ಮತ್ತೆ ಸಾಗಿತು. ಹೀಗೆ ಕೋಲಿನ ಬಲದಿಂದ ಆಡಿಸಿದ ಆಟವನ್ನು ಇಂದು ಯಾರೂ ಮೆಚ್ಚಲಾರರು. ಆ ಬಾಲಕನ ನಂಬಿಕೆ ಅವನ ಪಾಲಿಗೆ ಸಣ್ಣದಾಗಿರಲಿಲ್ಲ. ಆಳುವ ಜನಾಂಗದ ದರ್ಪ ಬಿಸ್ಕೋ ಅವರಲ್ಲಿಯೂ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅಷ್ಟು ಮಾತ್ರವೇ ಇದ್ದಿದ್ದರೆ ಕಾಶ್ಮೀರ ಅವರನ್ನು ಎಂದೋ ಮರೆಯುತ್ತಿತ್ತು.

ಶ್ರೀನಗರದ ನಡುವೆ ಝೇಲಂ ನದಿ ಹರಿಯುತ್ತದೆ. ದಾಲ್ ಸರೋವರ ನಗರಕ್ಕೆ ಅಂಟಿಕೊಂಡೇ ಇದೆ. ಇಂಥ ಊರಿನಲ್ಲಿ ಈಜು ಬಾರದಿದ್ದರೆ ಪ್ರಾಣಕ್ಕೇ ಅಪಾಯ. ಬಿಸ್ಕೋ ಅವರು ಹೂಡಿದ ಉಪಾಯ ಸ್ವಾರಸ್ಯವಾದುದು. ವಯಸ್ಸಿಗೆ ಬಂದರೂ ಈಜು ಕಲಿಯದವರಿಗೆ ಶಾಲೆಯ ಶುಲ್ಕವನ್ನೇ ಏರಿಸಿದರು! ದೋಣಿ ನಡೆಸುವುದೂ ಶಾಲೆಯ ಪಾಠಗಳಲ್ಲಿ ಒಂದಾಯಿತು. ಮೊದಮೊದಲು ನಾಚಿಕೆಯಿಂದ ಹುಟ್ಟು ಹಿಡಿದವರು ಕಾಲಕ್ರಮದಲ್ಲಿ ದಾಲ್ ಸರೋವರವನ್ನು ಈಜಿ ದಾಟಿದರು. ಮುಳುಗುತ್ತಿದ್ದವರನ್ನು ದಡಕ್ಕೆ ಎಳೆದು ತಂದರು.

ಆಟದಲ್ಲಿ ಗಳಿಸಿದ ಬಲ ಪರರಿಗೆ ಒದಗದಿದ್ದರೆ ಅದು ವ್ಯರ್ಥವೆಂದು ಅವರು ಬಗೆದಿದ್ದರು. ಮರದ ಮನೆಗಳು ಒತ್ತೊತ್ತಾಗಿದ್ದ ಆ ನಗರದಲ್ಲಿ ಬೆಂಕಿ ಬಿದ್ದರೆ ಹುಡುಗರು ನೀರು ಹೊತ್ತು ಓಡಿದರು. ಕಾಲರಾ ಬಂದಾಗ ಕೊಳಕು ಬೀದಿಗಳನ್ನು ಗುಡಿಸಿದರು. ಪ್ರವಾಹದಲ್ಲಿ ಸಿಕ್ಕಿಕೊಂಡವರನ್ನು ದೋಣಿಗಳಲ್ಲಿ ಕರೆತಂದರು. ಮಿಷನ್ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದ ರೋಗಿಗಳನ್ನು ಸರೋವರದ ಮೇಲೆ ವಿಹಾರಕ್ಕೆ ಒಯ್ಯುವುದು ಅವರ ಮತ್ತೊಂದು ಕೆಲಸವಾಗಿತ್ತು. ಜಾತಿ ಕೆಡುವುದೆಂದು ಚೆಂಡಿಗೆ ಅಂಜಿದ ಶಾಲೆಯ ಹುಡುಗರೇ ಇವರು!

ವಿದ್ಯಾರ್ಥಿಯ ಪ್ರಗತಿಪತ್ರವೂ ಅಲ್ಲಿ ಬೇರೆ ಬಗೆಯದು. ಓದಿಗೆ ಅಂಕಗಳಿದ್ದಂತೆಯೇ ದೇಹಬಲಕ್ಕೂ ನಡತೆಗೂ ಅಂಕಗಳಿದ್ದವು. ಪರೀಕ್ಷೆಯಲ್ಲಿ ಹಿಂದುಳಿದ ಹುಡುಗನೂ ಅಲ್ಲಿ ತಲೆಯೆತ್ತಿ ನಡೆಯಬಹುದಾಗಿತ್ತು. ಶಾಲೆಯ ಲಾಂಛನದಲ್ಲಿ ಒಂದರ ಮೇಲೊಂದು ಅಡ್ಡಲಾಗಿ ಇಟ್ಟ ಎರಡು ಹುಟ್ಟುಗಳು ಸ್ಥಾನ ಪಡೆದವು.

ಐವತ್ತೇಳು ವರ್ಷಗಳ ದುಡಿಮೆಯ ಬಳಿಕ ೧೯೪೭ರಲ್ಲಿ ಬಿಸ್ಕೋ ಅವರು ಕಾಶ್ಮೀರವನ್ನು ಬಿಟ್ಟು ಆಫ್ರಿಕದ ರೊಡೇಷಿಯಕ್ಕೆ ತೆರಳಿದರು. ೧೯೪೯ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ನಡೆಸಿದ ಶಾಲೆ ಅವರ ಹೆಸರನ್ನೇ ಹೊತ್ತು ಶ್ರೀನಗರದಲ್ಲಿ ಉಳಿಯಿತು.